ಮಾಂಟೆನೆಗ್ರೋ: ಗೆಳತಿ ಜೊತೆ ನಾಲ್ಕೈದು ದಿನ. ಕರಾವಳಿ ಸಾಕಾ, ಬೆಟ್ಟಕ್ಕೂ ಹೋಗಬೇಕಾ?

ಮ್ಯೂನಿಕ್_ಮಲ್ಲಿಗೆ
ಎಲ್ಲರಿಗೂ ನಮಸ್ಕಾರ. ನಾನು ಮ್ಯೂನಿಕ್‌ನಲ್ಲಿದ್ದೇನೆ. ಕಾಲೇಜಿನ ಗೆಳತಿ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಿಂದ ಬರುತ್ತಿದ್ದಾಳೆ. ಪ್ಯಾರಿಸ್, ರೋಮ್ ಎಲ್ಲ ಅವಳು ಆಗಲೇ ನೋಡಿದ್ದಾಳೆ. ಈ ಸಲ ಬೇರೆ ಕಡೆ ಹೋಗೋಣ ಅಂತ ಇಬ್ಬರೂ ಮಾತಾಡಿ ಮಾಂಟೆನೆಗ್ರೋ ಆರಿಸಿಕೊಂಡೆವು.

ಆದರೆ ನಮ್ಮಿಬ್ಬರ ಆಸೆ ಬೇರೆ ಬೇರೆ. ಅವಳಿಗೆ ಸಮುದ್ರ, ಹಳೇ ಊರು, ಸಂಜೆ ಕಾಫಿ ಹಿಡಿದು ಸುಮ್ನೆ ಕೂರುವುದು ಬೇಕು. ನನಗೆ ಬೆಟ್ಟ, ಕಣಿವೆ ಬೇಕು. ಇರುವುದು ನಾಲ್ಕೈದು ದಿನ. ಕರಾವಳಿಯ ಕೊಟೋರ್ ಊರಿನಲ್ಲಿ ಒಂದೇ ಕಡೆ ರೂಮ್ ಮಾಡಿಕೊಂಡು ಸುತ್ತುವುದಾ, ಇಲ್ಲ ಉತ್ತರಕ್ಕೆ ದುರ್ಮಿತೊರ್ ಬೆಟ್ಟಗಳ ಕಡೆಗೂ ಹೋಗುವುದಾ? ಕಾರು ಬೇಕೇ ಬೇಕಾ, ಬಸ್ಸಿನಲ್ಲಿ ಆಗುತ್ತಾ? ಇಬ್ಬರೂ ಸಸ್ಯಾಹಾರಿಗಳು, ಅವಳು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಹೋಗಿ ಬಂದವರು ಹೇಳಿ.

ಕಡಲ_ಕಿನಾರೆ
ಕೊಟೋರ್‌ನಲ್ಲೇ ಇರಿ ಮಾರಾಯ್ರೇ. ನಾಲ್ಕು ದಿನಕ್ಕೆ ಆ ಕೊಲ್ಲಿ ಒಂದೇ ಸಾಕು. ಸಮುದ್ರ ಬೆಟ್ಟಗಳ ನಡುವೆ ಒಳಗೆ ಒಳಗೆ ನುಗ್ಗಿ ಬಂದಿದೆ. ದಡದಲ್ಲಿ ಊರು, ಊರಿನ ಬೆನ್ನಿಗೇ ಕಡಿದಾದ ಬಂಡೆ. ಬೆಳಿಗ್ಗೆ 7 ಗಂಟೆಗೆ ಮುಂಚೆ ಕೋಟೆ ಹತ್ತಿ. ಸುಮಾರು 1,350 ಮೆಟ್ಟಿಲು. ಮೇಲಿಂದ ಹಳೇ ಊರಿನ ಹೆಂಚಿನ ಮಾಡುಗಳನ್ನು ನೋಡಿದರೆ ನಿಮ್ಮ ಗೆಳತಿಗೂ ಖುಷಿ, ನಿಮಗೂ ಬೆಟ್ಟ ಹತ್ತಿದ ಹಾಗಾಯಿತು.

ಗುಡ್ಡಗಾಡು
ನಾನು ಒಪ್ಪುವುದಿಲ್ಲ. ಬೆಳಿಗ್ಗೆ 10ರ ನಂತರ ಕೊಟೋರ್‌ಗೆ ದೊಡ್ಡ ಕ್ರೂಸ್ ಹಡಗುಗಳು ಬಂದು ನಿಲ್ಲುತ್ತವೆ. ಸಾವಿರಾರು ಜನ ಒಟ್ಟಿಗೆ ಇಳಿದು ಆ ಸಣ್ಣ ಓಣಿಗಳಲ್ಲಿ ತುಂಬಿಕೊಳ್ಳುತ್ತಾರೆ. ದೇಶದ ಹೆಸರಿನಲ್ಲೇ ಬೆಟ್ಟ ಇದೆ. ಬರೀ ಕೊಲ್ಲಿ ನೋಡಿ ವಾಪಸ್ ಬಂದರೆ ಆ ದೇಶ ನೋಡಿದ ಹಾಗೇ ಅಲ್ಲ. ಒಂದು ರಾತ್ರಿಯಾದರೂ ದುರ್ಮಿತೊರ್ ಪಕ್ಕದ ಝಾಬ್ಲ್ಯಾಕ್ ಊರಿನಲ್ಲಿ ಇರಿ. ಕಪ್ಪು ಸರೋವರ, ತಾರಾ ಕಣಿವೆ ಎರಡೂ ಅಲ್ಲಿಂದ ಹತ್ತಿರ.

ಬೆಳಗಾವಿ_ಕುಂದಾ
ದೇಶ ಎಷ್ಟು ದೊಡ್ಡದು ಅಂತ ತಿಳಿದುಕೊಂಡರೆ ಅರ್ಧ ಗೊಂದಲ ಹೋಗುತ್ತದೆ. 13,812 ಚದರ ಕಿ.ಮೀ. ನಮ್ಮ ಬೆಳಗಾವಿ ಜಿಲ್ಲೆಗಿಂತ ಚೂರು ಜಾಸ್ತಿ, ಅಷ್ಟೇ. ಇಡೀ ದೇಶದ ಜನಸಂಖ್ಯೆ 6 ಲಕ್ಷದ ಆಸುಪಾಸು. ಎರಡೂ ಕಡೆ ಆರಾಮಾಗಿ ನೋಡಬಹುದು ರೀ.

ಗುಡ್ಡಗಾಡು
ಅಳತೆ ಚಿಕ್ಕದು, ರಸ್ತೆ ಚಿಕ್ಕದಲ್ಲ. ಕೊಟೋರ್‌ನಿಂದ ಝಾಬ್ಲ್ಯಾಕ್‌ಗೆ ನಿಕ್ಷಿಚ್ ಮೇಲೆ ಹೋದರೆ ಕಾರಿನಲ್ಲಿ ಮೂರು ಗಂಟೆ ಮೀರುತ್ತದೆ. ಎಲ್ಲ ತಿರುವು. ಬೆಳಿಗ್ಗೆ ಹೋಗಿ ಸಂಜೆ ಬರುತ್ತೇವೆ ಅಂದರೆ ಇಡೀ ದಿನ ಸೀಟಿನಲ್ಲೇ ಕಳೆಯುತ್ತೀರಿ. ಅದಕ್ಕೇ ರಾತ್ರಿ ಅಲ್ಲೇ ಇರಿ ಅಂದಿದ್ದು.

ವೀಸಾ_ವಿಚಾರ
ಬೆಟ್ಟ ಸಮುದ್ರದ ಮಾತು ಆಮೇಲೆ. ಮೊದಲು ಗೆಳತಿಯ ವೀಸಾ ನೋಡಿ. ಮಾಂಟೆನೆಗ್ರೋ ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪಿನ ದೇಶಗಳ ಕೂಟ) ಒಳಗಿಲ್ಲ. ಚಾಲ್ತಿಯಲ್ಲಿರುವ ಷೆಂಗೆನ್ ವೀಸಾ ಇದ್ದರೆ ಭಾರತೀಯರನ್ನು 30 ದಿನದವರೆಗೆ ಬಿಡುತ್ತಾರೆ, ಅದು ಸರಿ. ಆದರೆ ಅವರಿಗೆ ಸಿಕ್ಕಿರುವುದು ಒಂದೇ ಸಲ ಪ್ರವೇಶದ ವೀಸಾ ಆಗಿದ್ದರೆ? ಜರ್ಮನಿಗೆ ಬಂದಾಗಲೇ ಆ ಪ್ರವೇಶ ಖರ್ಚಾಯಿತು. ಮಾಂಟೆನೆಗ್ರೋಗೆ ಹೋದ ಮೇಲೆ ಮತ್ತೆ ಮ್ಯೂನಿಕ್‌ಗೆ ಬರಲು ಆಗುವುದಿಲ್ಲ. ಸ್ಟಿಕರ್‌ನಲ್ಲಿ ಎಷ್ಟು ಸಲ ಪ್ರವೇಶ ಅನ್ನುವ ಕಡೆ ‘01’ ಇದೆಯಾ, ‘ಮಲ್ಟ್’ (ಅಂದರೆ ಹಲವು ಸಲ) ಇದೆಯಾ ನೋಡಿ. ಟಿಕೆಟ್ ಬುಕ್ ಮಾಡುವ ಮುಂಚೆ ಇದು ಆಗಬೇಕು. ನಿಯಮ ಬದಲಾಗುತ್ತಿರುತ್ತದೆ, ಆ ದೇಶದ ವಿದೇಶಾಂಗ ಇಲಾಖೆಯ ಪುಟವನ್ನೂ ಒಮ್ಮೆ ನೋಡಿಬಿಡಿ.

ಮ್ಯೂನಿಕ್_ಮಲ್ಲಿಗೆ
ತುಂಬಾ ಉಪಕಾರ ಆಯಿತು ಸರ್. ಈಗಲೇ ಫೋನ್ ಮಾಡಿ ಕೇಳಿದೆ. ಅವಳ ವೀಸಾ ಮಲ್ಟ್ ಇದೆ. ನನ್ನದು ಜರ್ಮನಿಯ ರೆಸಿಡೆನ್ಸ್ ಕಾರ್ಡ್.

ಕುಂದಾಪ್ರ_ಹೆಣ್ಣು
ಮಾಂಟೆನೆಗ್ರೋದಲ್ಲಿ ಯೂರೋ ನಡೆಯುತ್ತದೆ ಅಲ್ವಾ? ಮತ್ತೆ ಯೂರೋಪಿಯನ್ ಒಕ್ಕೂಟದಲ್ಲಿ ಇಲ್ಲ ಅಂದರೆ ಹೇಗೆ?

ಹಳೇ_ನಕ್ಷೆ
ಒಕ್ಕೂಟದ ಸದಸ್ಯ ಅಲ್ಲ, ಆದರೂ ಯೂರೋ ಬಳಸುತ್ತಾರೆ. 1999ರಲ್ಲಿ, ಇನ್ನೂ ಸೆರ್ಬಿಯಾ ಜೊತೆಗಿದ್ದಾಗಲೇ, ಯುಗೊಸ್ಲಾವ್ ದಿನಾರ್ ಬೆಲೆ ಕುಸಿಯುವುದರಿಂದ ತಪ್ಪಿಸಿಕೊಳ್ಳಲು ಜರ್ಮನ್ ಮಾರ್ಕ್ ತಂದುಕೊಂಡರು. 2002ರಲ್ಲಿ ಮಾರ್ಕ್ ಹೋಗಿ ಯೂರೋ ಬಂತು, ಇವರೂ ಅದಕ್ಕೆ ಬದಲಾದರು. ಸ್ವಂತ ನೋಟು ಮುದ್ರಿಸುವುದೇ ಇಲ್ಲ. ಬೇರೆ ದೇಶವಾಗಿದ್ದು 2006ರಲ್ಲಿ. ಜನಮತದಲ್ಲಿ ಶೇ. 55 ಬೇಕಿತ್ತು, ಬಂದಿದ್ದು ಶೇ. 55.5. ಅಷ್ಟು ಕೂದಲೆಳೆಯಲ್ಲಿ ಹುಟ್ಟಿದ ದೇಶ ಅದು. ಈಗಲೂ ಯಾರ ಜೊತೆಗಾದರೂ ಅಲ್ಲಿ ಮಾತಿಗೆ ಕೂತರೆ ಆ ವಿಷಯ ನಿಧಾನವಾಗಿ ಎತ್ತಿ. ಒಂದೇ ಮನೆಯಲ್ಲಿ ಎರಡು ಅಭಿಪ್ರಾಯ ಇರುತ್ತದೆ.

ಸಾರು_ಅನ್ನ
ಊಟದ ಬಗ್ಗೆ ನಾನು ಹೇಳುತ್ತೇನೆ. ಹೆದರಬೇಡಿ, ಆದರೆ ಕೇಳಿ ತಿನ್ನಿ. ಅಲ್ಲಿ ‘ಪೋಸ್ನೊ’ ಅಂತ ಒಂದು ಮಾತಿದೆ. ಆರ್ಥೊಡಾಕ್ಸ್ ಕ್ರೈಸ್ತರು ಉಪವಾಸದ ದಿನಗಳಲ್ಲಿ ತಿನ್ನುವ ಊಟ. ಮಾಂಸ, ಮೊಟ್ಟೆ, ಹಾಲು ಯಾವುದೂ ಇರುವುದಿಲ್ಲ. ಮೀನು ಮಾತ್ರ ಇರಬಹುದು, ಅದನ್ನು ಬೇಡ ಅಂತ ಬೇರೆ ಹೇಳಬೇಕು. ‘ವೆಜಿಟೇರಿಯನ್’ ಅಂದರೆ ಹಳ್ಳಿ ಕಡೆ ಕೋಳಿ ತಂದಿಟ್ಟರೂ ಇಟ್ಟರು, ಪೋಸ್ನೊ ಅಂದರೆ ತಕ್ಷಣ ಗೊತ್ತಾಗುತ್ತದೆ.

ಬೇಕರಿಯಲ್ಲಿ ಬುರೆಕ್ (ತೆಳು ಹಿಟ್ಟಿನ ಪದರದೊಳಗೆ ಹೂರಣ ತುಂಬಿ ಬೇಯಿಸಿದ್ದು) ಬಿಸಿಬಿಸಿ ಸಿಗುತ್ತದೆ. ಮಾಂಸದ್ದೇ ಜಾಸ್ತಿ, ಚೀಸ್ ಹಾಕಿದ್ದು ಬೇಕು ಅಂತ ಹೇಳಿ. ಪಾಲಕ್ ಥರದ ಸೊಪ್ಪು ತುಂಬಿದ ಪೀಟಾ ಕೂಡ ಇರುತ್ತದೆ. ಬೆಟ್ಟದ ಕಡೆ ಕಚಮಾಕ್ ತಿನ್ನಲೇಬೇಕು. ಮೆಕ್ಕೆಜೋಳದ ಹಿಟ್ಟು, ಆಲೂಗಡ್ಡೆ ಸೇರಿಸಿ ಗಟ್ಟಿಯಾಗಿ ಕುದಿಸಿ, ಕೆನೆ ಮತ್ತು ಚೀಸ್ ಹಾಕಿ ತಿರುವಿರುತ್ತಾರೆ. ಇಬ್ಬರಿಗೆ ಒಂದು ತಟ್ಟೆ ಸಾಕು. ಬೆಳಿಗ್ಗೆ ಪ್ರಿಗಾನಿತ್ಸೆ ಅಂತ ಎಣ್ಣೆಯಲ್ಲಿ ಕರಿದ ಸಣ್ಣ ಉಂಡೆಗಳು, ಜೇನುತುಪ್ಪದ ಜೊತೆ. ಕೆಲವು ಮನೆಗಳಲ್ಲಿ ಹಿಟ್ಟಿಗೆ ಮೊಟ್ಟೆ ಹಾಕುತ್ತಾರೆ, ಗೆಳತಿಗೋಸ್ಕರ ಕೇಳಿಕೊಳ್ಳಿ. ಹುರುಳಿಕಾಯಿ ಬೀಜದ ಸೂಪ್ ನೋಡಲು ಶುದ್ಧ ಸಸ್ಯಾಹಾರದ ಹಾಗೇ ಇರುತ್ತದೆ, ಒಳಗೆ ಹೊಗೆ ಹಾಕಿದ ಹಂದಿ ಮಾಂಸದ ತುಂಡು ಇರುತ್ತದೆ. ಅಲ್ಲಂತೂ ಕೇಳಲೇಬೇಕು.

ಕುಂದಾಪ್ರ_ಹೆಣ್ಣು
ಚಟ್ನಿಪುಡಿ, ಅವಲಕ್ಕಿ ಒಯ್ಯಿರಿ. ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ತೆಗೆದುಕೊಳ್ಳಿ. ಮುಗಿಯಿತು.

ಸಾರು_ಅನ್ನ
ಅಷ್ಟು ದೂರ ಹೋಗಿ ಅವಲಕ್ಕಿ ಯಾಕೆ ಅಕ್ಕ? ತುರ್ತಿಗೆ ಇಟ್ಟುಕೊಳ್ಳಲಿ, ಸರಿ. ಆದರೆ ನ್ಯೆಗೂಶಿ ಹಳ್ಳಿಯ ಚೀಸ್ ತಿನ್ನದೆ ಬರಬಾರದು.

ಕುಂದಾಪ್ರ_ಹೆಣ್ಣು
ರಾತ್ರಿ 10ಕ್ಕೆ ಹಸಿವಾದಾಗ ಚೀಸ್ ಹುಡುಕುವವರು ಯಾರು? ನಾನು ಹೇಳುವುದು ಅದು.

ರೈಲುಪ್ರೇಮಿ
ಯಾರೂ ರೈಲಿನ ಹೆಸರೇ ಎತ್ತಲಿಲ್ಲವಲ್ಲ! ಸೆರ್ಬಿಯಾದ ಬೆಲ್‌ಗ್ರೇಡ್‌ನಿಂದ ಇಲ್ಲಿನ ಕರಾವಳಿಯ ಬಾರ್‌ಗೆ ಬರುವ ಮಾರ್ಗ, 476 ಕಿ.ಮೀ., 1976ರಲ್ಲಿ ಶುರುವಾಯಿತು. ದಾರಿಯಲ್ಲಿ 254 ಸುರಂಗ. ಪೂರ್ತಿ ಹೋಗಬೇಕಾಗಿಲ್ಲ. ರಾಜಧಾನಿ ಪೊಡ್ಗೊರಿತ್ಸಾದಿಂದ ಕೊಲಾಶಿನ್‌ವರೆಗೆ ಹೋಗಿ. ಬಯಲಿನಿಂದ ರೈಲು ಹತ್ತುತ್ತಾ ಹತ್ತುತ್ತಾ ಮೊರಾಚಾ ಕಣಿವೆಯ ಅಂಚು ಹಿಡಿಯುತ್ತದೆ. ಮಾಲಾ ರಿಯೆಕಾ ಸೇತುವೆ ಕಣಿವೆಯ ತಳದಿಂದ ಸುಮಾರು 200 ಮೀಟರ್ ಎತ್ತರ. ಇದು ಬಹಳ ವರ್ಷ ಪ್ರಪಂಚದ ಅತಿ ಎತ್ತರದ ರೈಲ್ವೆ ಸೇತುವೆ ಆಗಿತ್ತು, ಆಮೇಲೆ ಚೀನಾದವರು ಮೀರಿಸಿದರು. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ಕಿಟಕಿಗೆ ಅಂಟಿಕೊಂಡು ಕೂತವರಿಗೆ ಆ ಖುಷಿ ಗೊತ್ತು. ಟಿಕೆಟ್ ಕೆಲವೇ ಯೂರೋ. ಕಾರು ಓಡಿಸುವವರಿಗೆ ಕಣಿವೆ ಕಾಣುವುದಿಲ್ಲ, ಮುಂದಿನ ಲಾರಿ ಮಾತ್ರ ಕಾಣುತ್ತದೆ.

ಗುಡ್ಡಗಾಡು
ರೈಲು ಚೆನ್ನಾಗಿದೆ, ಒಪ್ಪಿದೆ. ಆದರೆ ಅದು ದುರ್ಮಿತೊರ್‌ಗೆ ಹೋಗುವುದಿಲ್ಲ. ರೈಲು ಹಿಡಿದರೆ ತಾರಾ ಸೇತುವೆ ಬಿಡಬೇಕಾಗುತ್ತದೆ. ಅದನ್ನು ಬಿಡಬೇಡಿ ಅಂತ ನಾನು ಕೈಮುಗಿದು ಕೇಳುತ್ತೇನೆ.

ಆ ಸೇತುವೆಯ ಕತೆ ಗೊತ್ತಿದ್ದು ಅದರ ಮೇಲೆ ನಡೆಯಬೇಕು. 1937ರಿಂದ 1940ರವರೆಗೆ ಕಟ್ಟಿದರು. ಐದು ಕಾಂಕ್ರೀಟ್ ಕಮಾನು, ನದಿಯಿಂದ 172 ಮೀಟರ್ ಎತ್ತರ. ಎರಡನೇ ಮಹಾಯುದ್ಧದಲ್ಲಿ ಇಟಲಿಯ ಸೈನ್ಯ ಒಳಗೆ ಬಂತು. ಆ ಕಣಿವೆ ದಾಟಲು ಅದೊಂದೇ ಸರಿಯಾದ ದಾರಿ. 1942ರಲ್ಲಿ ಪಾರ್ಟಿಸಾನರು (ಆ ಸೈನ್ಯದ ವಿರುದ್ಧ ಹೋರಾಡುತ್ತಿದ್ದ ಸ್ಥಳೀಯ ಗೆರಿಲ್ಲಾಗಳು) ಒಂದು ಕಮಾನನ್ನು ಸ್ಫೋಟಿಸಿದರು. ಎಲ್ಲಿ ಮದ್ದು ಇಡಬೇಕು ಅಂತ ತೋರಿಸಿಕೊಟ್ಟವನು ಲಾಜರ್ ಯಾವ್ಕೊವಿಚ್. ಆ ಸೇತುವೆ ಕಟ್ಟಿದ ಎಂಜಿನಿಯರ್‌ಗಳಲ್ಲಿ ಅವನೂ ಒಬ್ಬ. ಇಟಾಲಿಯನ್ನರು ಅವನನ್ನು ಹಿಡಿದು ಕೊಂದರು. 1946ರಲ್ಲಿ ಸೇತುವೆ ಮತ್ತೆ ಎದ್ದು ನಿಂತಿತು. ಅವನ ನೆನಪಿಗೆ ಅಲ್ಲಿ ಒಂದು ಸ್ಮಾರಕ ಇದೆ. ಜನ ಅದರ ಕಡೆ ನೋಡದೆ ಜಿಪ್‌ಲೈನ್ ಸಾಲಿನಲ್ಲಿ ನಿಲ್ಲುತ್ತಾರೆ, ನನಗೆ ಬೇಜಾರಾಗುತ್ತದೆ.

ತಿರುಗಾಡಿ_ತಮ್ಮಯ್ಯ
ನನ್ನ ಮಾತು ಕೇಳಿ ಮೇಡಂ. ಒಂದು ದಿನ ಇಬ್ಬರೂ ಬೇರೆ ಬೇರೆ ಸುತ್ತಿ. ಅವರು ಕೊಟೋರ್‌ನಲ್ಲಿ ಕಾಫಿ ಕುಡಿಯಲಿ, ನೀವು ಬೆಟ್ಟಕ್ಕೆ ಹೋಗಿ. ರಾತ್ರಿ ಊಟಕ್ಕೆ ಸೇರಿ.

ಕುಂದಾಪ್ರ_ಹೆಣ್ಣು
ಅಲ್ಲ, ಬೆಂಗಳೂರಿನಿಂದ ಗೆಳತಿಯನ್ನು ಕರೆಸಿಕೊಂಡು, ಅಲ್ಲಿ ಒಬ್ಬಳನ್ನೇ ಬಿಟ್ಟು ಹೋಗುವುದಾ? ಚೆನ್ನಾಗಿದೆ.

ತಿರುಗಾಡಿ_ತಮ್ಮಯ್ಯ
ಬಿಟ್ಟು ಹೋಗುವುದಲ್ಲ ಅಕ್ಕ. ಮೂರನೇ ದಿನಕ್ಕೆ ಎಂಥಾ ಸ್ನೇಹಿತರಿಗೂ ಒಬ್ಬರ ಮೇಲೊಬ್ಬರಿಗೆ ಸಿಡಿಮಿಡಿ ಶುರುವಾಗುತ್ತದೆ. ಅರ್ಧ ದಿನ ದೂರ ಇದ್ದರೆ ರಾತ್ರಿ ಹೇಳಿಕೊಳ್ಳಲು ಹೊಸ ಮಾತು ಇರುತ್ತದೆ. ದುಡ್ಡಿನ ಲೆಕ್ಕವನ್ನೂ ದಿನಾ ರಾತ್ರಿಯೇ ಮುಗಿಸಿ. ಕೊನೆಗೆ ನೋಡೋಣ ಅಂದರೆ ವಿಮಾನ ನಿಲ್ದಾಣದಲ್ಲಿ ಜಗಳ.

ಆಗುಂಬೆ_ಮಳೆ
ಸೆಪ್ಟೆಂಬರ್ ಒಳ್ಳೆಯದು. ನವೆಂಬರ್ ಕಡೆ ತಳ್ಳಬೇಡಿ. ಕೊಲ್ಲಿಯ ಮೇಲಿನ ಬೆಟ್ಟದಲ್ಲಿ ತ್ಸ್ರ್ಕ್ವಿತ್ಸೆ ಅಂತ ಒಂದು ಊರಿದೆ. ಯೂರೋಪಿನಲ್ಲಿ ಜನ ಇರುವ ಜಾಗಗಳಲ್ಲಿ ಅತಿ ಹೆಚ್ಚು ಮಳೆ ಬೀಳುವುದು ಅಲ್ಲೇ. ವರ್ಷಕ್ಕೆ ಸರಾಸರಿ 4,600 ಮಿ.ಮೀ. ಹತ್ತಿರ.

ಕಡಲ_ಕಿನಾರೆ
ಆಗುಂಬೆಯಲ್ಲಿ 7,000 ದಾಟುತ್ತದೆ ಅಲ್ವಾ?

ಆಗುಂಬೆ_ಮಳೆ
ದಾಟುತ್ತದೆ. ಆದರೆ ನಮ್ಮದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಅವರಿಗೆ ಬೇಸಿಗೆ ಒಣ, ಮಳೆಯೆಲ್ಲ ಶರತ್ಕಾಲ, ಚಳಿಗಾಲದಲ್ಲಿ. ಕಾರಣ ಮಾತ್ರ ಒಂದೇ. ಸಮುದ್ರದ ಕಡೆಯಿಂದ ಒದ್ದೆ ಗಾಳಿ ಬಂದು ನೇರವಾಗಿ ಬೆಟ್ಟಕ್ಕೆ ತಾಗುತ್ತದೆ, ಮೇಲೆ ಹೋಗುತ್ತದೆ, ತಣ್ಣಗಾಗಿ ಸುರಿಯುತ್ತದೆ. ಮಣ್ಣಿನ ಕೆಳಗೆ ಸುಣ್ಣದ ಕಲ್ಲು ಇರುವುದರಿಂದ ಆ ನೀರೆಲ್ಲ ಭೂಮಿಯೊಳಗೆ ಇಂಗಿ ಕೊಲ್ಲಿಯ ದಡದಲ್ಲಿ ಬುಗ್ಗೆಯಾಗಿ ಏಳುತ್ತದೆ. ಮೇಲೆ ಅಷ್ಟು ಮಳೆ ಬಿದ್ದರೂ ಬೆಟ್ಟ ಬೋಳಾಗಿ ಕಾಣುತ್ತದೆ. ನಮ್ಮ ಕಡೆಯ ಕಾಡು ಕಂಡವರಿಗೆ ಅದು ವಿಚಿತ್ರ.

ಬೆಳಗಾವಿ_ಕುಂದಾ
ಮಳೆ ಬಿಟ್ಟು ಪ್ರಶ್ನೆಗೆ ಬರೋಣ ರೀ. ಕಾರಾ, ಬಸ್ಸಾ?

ಗುಡ್ಡಗಾಡು
ಕರಾವಳಿಗೆ ಬಸ್ಸು ಧಾರಾಳ. ಕೊಟೋರ್, ಬುದ್ವಾ, ಬಾರ್, ಪೊಡ್ಗೊರಿತ್ಸಾ ನಡುವೆ ಬರುತ್ತಲೇ ಇರುತ್ತವೆ. ಝಾಬ್ಲ್ಯಾಕ್‌ಗೆ ಬಸ್ಸು ಇದೆ, ಆದರೆ ಕಡಿಮೆ. ತಪ್ಪಿದರೆ ದಿನವೇ ಹೋಯಿತು. ಕಡೇ ಎರಡು ದಿನಕ್ಕೆ ಮಾತ್ರ ಕಾರು ತೆಗೆದುಕೊಳ್ಳಿ.

ವೀಸಾ_ವಿಚಾರ
ಕಾರಿಗೆ ಮೂರು ವಿಷಯ. ಭಾರತದ ಲೈಸೆನ್ಸ್ ಆದರೆ ಜೊತೆಗೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಇರಲಿ. ಹಗಲಲ್ಲೂ ಹೆಡ್‌ಲೈಟ್ ಹಾಕಿರಬೇಕು, ಕಾನೂನು. ಕ್ರೊಯೇಷ್ಯಾದ ಡುಬ್ರೊವ್ನಿಕ್ ಕಡೆಯಿಂದ ಕಾರು ತರುತ್ತೀರಾದರೆ ಇನ್ಶೂರೆನ್ಸ್ ಗಡಿ ಆಚೆಗೂ ನಡೆಯುತ್ತಾ ಅಂತ ಕೇಳಿಕೊಳ್ಳಿ. ಬಾಡಿಗೆಯವರು ಅದಕ್ಕೆ ಬೇರೆ ದುಡ್ಡು ಕೇಳಬಹುದು. ಕಾರು ಕೈಗೆ ಬಂದ ತಕ್ಷಣ ಸುತ್ತಲೂ ವಿಡಿಯೋ ಮಾಡಿಕೊಳ್ಳಿ. ನಮಗೆ ವಾಪಸ್ ಕೊಡುವಾಗ ಹಳೇ ಗೀರು ತೋರಿಸಿ 200 ಯೂರೋ ಕೇಳಿದರು. ವಿಡಿಯೋ ತೋರಿಸಿದ ಮೇಲೆ ಸುಮ್ಮನಾದರು.

ತಿರುಗಾಡಿ_ತಮ್ಮಯ್ಯ
ಕೊಟೋರ್‌ನಿಂದ ಈಗ ಕೇಬಲ್ ಕಾರ್ ಬಂದಿದೆ. ನ್ಯೆಗೊಶ್ ಸಮಾಧಿಗೆ ಅದರಲ್ಲೇ ಹೋಗಬಹುದು, ಕಾರು ಬೇಡ.

ಹಳೇ_ನಕ್ಷೆ
ಇಲ್ಲ, ಅದು ಸಮಾಧಿವರೆಗೆ ಹೋಗುವುದಿಲ್ಲ. 2023ರಲ್ಲಿ ಶುರುವಾದ ಆ ಕೇಬಲ್ ಕಾರ್ ಲೊವ್ಚೆನ್ ಬೆಟ್ಟದ ಕುಕ್ ಅನ್ನುವ ಜಾಗದಲ್ಲಿ ಇಳಿಸುತ್ತದೆ. ಅಲ್ಲಿಂದ ಸಮಾಧಿ ಇನ್ನೂ ಕೆಲವು ಕಿ.ಮೀ. ದೂರ, ಬೇರೆ ವಾಹನ ಬೇಕು. ಕಾರು ಇದ್ದರೆ ಕೊಟೋರ್‌ನಿಂದ 25 ಹೇರ್‌ಪಿನ್ ತಿರುವಿನ ಹಳೇ ರಸ್ತೆಯಲ್ಲಿ ಹತ್ತಿ, ನ್ಯೆಗೂಶಿಯಲ್ಲಿ ನಿಂತು, ಸಮಾಧಿ ನೋಡಿ, ಆಚೆ ಕಡೆ ತ್ಸೆಟಿನ್ಯೆ ಪಟ್ಟಣಕ್ಕೆ ಇಳಿಯಿರಿ. ಕರಾವಳಿಯೂ ಬೆಟ್ಟವೂ ಒಂದೇ ದಿನದಲ್ಲಿ ಸಿಗುವ ದಾರಿ ಇದೇ.

ನ್ಯೆಗೊಶ್ ಬಗ್ಗೆ ಎರಡು ಮಾತು. ಬಿಷಪ್ಪೂ ಅವನೇ, ಆಳುವವನೂ ಅವನೇ, ಆ ಭಾಷೆಯ ದೊಡ್ಡ ಕವಿಯೂ ಅವನೇ. 1851ರಲ್ಲಿ ತೀರಿಕೊಂಡ. ಬೆಟ್ಟದ ತುದಿಯಲ್ಲಿ ತಾನೇ ಕಟ್ಟಿಸಿದ್ದ ಸಣ್ಣ ಗುಡಿಯಲ್ಲಿ ತನ್ನನ್ನು ಹೂಳಬೇಕು ಅಂತ ಅವನ ಆಸೆ ಇತ್ತು. ಈಗ ಅಲ್ಲಿ ಆ ಗುಡಿ ಇಲ್ಲ. 1970ರ ದಶಕದಲ್ಲಿ ಅದನ್ನು ತೆಗೆದು ಶಿಲ್ಪಿ ಇವಾನ್ ಮೆಶ್ತ್ರೊವಿಚ್‌ನ ವಿನ್ಯಾಸದ ಭಾರೀ ಸಮಾಧಿ ಕಟ್ಟಿದರು. 461 ಮೆಟ್ಟಿಲು ಹತ್ತಬೇಕು. ಒಳಗೆ ಕಪ್ಪು ಗ್ರಾನೈಟ್‌ನಲ್ಲಿ ನ್ಯೆಗೊಶ್ ಕೂತಿದ್ದಾನೆ, ಬೆನ್ನಿಗೆ ಹದ್ದು. ಅದ್ಭುತ ಕೆಲಸ. ಆದರೆ ಸತ್ತವನ ಆಸೆ ಮೀರಿ ಕಟ್ಟಿದ್ದು ತಪ್ಪು ಅಂತಲೇ ನನ್ನ ಅಭಿಪ್ರಾಯ.

ಬೆಳಗಾವಿ_ಕುಂದಾ
ಗುಡಿ ಮೊದಲ ಮಹಾಯುದ್ಧದಲ್ಲೇ ಹಾಳಾಗಿತ್ತಲ್ಲ?

ಹಳೇ_ನಕ್ಷೆ
ಆಸ್ಟ್ರಿಯಾದವರ ಫಿರಂಗಿಯಿಂದ ಹಾಳಾಗಿತ್ತು, ನಿಜ. 1920ರ ದಶಕದಲ್ಲಿ ಮತ್ತೆ ಕಟ್ಟಿದ್ದರು. ತೆಗೆದಿದ್ದು ಆ ಎರಡನೇ ಗುಡಿಯನ್ನು. ಅದಕ್ಕೇ ಜಗಳ ಇನ್ನೂ ಮುಗಿದಿಲ್ಲ.

ಕಡಲ_ಕಿನಾರೆ
ಪೆರಾಸ್ತ್ ಬಗ್ಗೆ ಯಾರೂ ಹೇಳಲಿಲ್ಲ. ಕೊಟೋರ್‌ನಿಂದ ಬಸ್ಸಿನಲ್ಲಿ ಅರ್ಧ ಗಂಟೆ. ಎದುರಿಗೆ ಎರಡು ದ್ವೀಪ. ಒಂದು ದೇವರು ಕೊಟ್ಟಿದ್ದು, ಇನ್ನೊಂದು ಜನ ಮಾಡಿದ್ದು. 1452ರ ಜುಲೈ 22ರಂದು ನೀರಿನ ನಡುವಿನ ಬಂಡೆ ಮೇಲೆ ಮೇರಿಯಮ್ಮನ ಚಿತ್ರ ಸಿಕ್ಕಿತು ಅಂತ ಕತೆ. ಅವತ್ತಿನಿಂದ ನಾವಿಕರು ಅಲ್ಲಿ ಕಲ್ಲು ಹಾಕುತ್ತಾ ಹೋದರು, ಹಳೇ ಹಡಗುಗಳನ್ನು ಕಲ್ಲು ತುಂಬಿ ಮುಳುಗಿಸಿದರು. ದ್ವೀಪ ಎದ್ದಿತು. ಈಗಲೂ ಪ್ರತಿ ವರ್ಷ ಜುಲೈ 22ರ ಸಂಜೆ ದೋಣಿಗಳ ಸಾಲು ಹೋಗಿ ಕಲ್ಲು ಹಾಕಿ ಬರುತ್ತದೆ. ಚರ್ಚಿನೊಳಗೆ ಒಂದು ಕಸೂತಿ ಇದೆ. ಹಡಗಿನಲ್ಲಿ ಹೋದವನಿಗೆ ಕಾಯುತ್ತಾ ಹೆಂಗಸೊಬ್ಬಳು 25 ವರ್ಷ ಹೊಲಿದಿದ್ದು, ಮಧ್ಯೆ ತನ್ನ ಕೂದಲನ್ನೇ ಸೇರಿಸಿದ್ದಾಳೆ ಅನ್ನುತ್ತಾರೆ. ಅದನ್ನು ನೋಡಿ ನಾನು ಬಹಳ ಹೊತ್ತು ಅಲ್ಲೇ ನಿಂತಿದ್ದೆ.

ಮ್ಯೂನಿಕ್_ಮಲ್ಲಿಗೆ
ಎಲ್ಲ ಓದಿದೆವು, ಅವಳಿಗೂ ಕಳಿಸಿದೆ. ಹೀಗೆ ಮಾಡುತ್ತಿದ್ದೇವೆ: ಮೊದಲು ಕೊಟೋರ್, ಪೆರಾಸ್ತ್. ಆಮೇಲೆ ಕಾರು ತೆಗೆದುಕೊಂಡು ಹಳೇ ರಸ್ತೆಯಲ್ಲಿ ತ್ಸೆಟಿನ್ಯೆ, ಅಲ್ಲಿಂದ ಝಾಬ್ಲ್ಯಾಕ್‌ನಲ್ಲಿ ರಾತ್ರಿ. ವಾಪಸ್ ಬರುವಾಗ ದಾರಿಯಲ್ಲಿ ಓಸ್ಟ್ರೊಗ್ ಮಠ, ಕೊನೆಗೆ ಪೊಡ್ಗೊರಿತ್ಸಾದಿಂದ ವಿಮಾನ. ರೈಲು ಈ ಸಲ ಆಗುವುದಿಲ್ಲ, ರೈಲುಪ್ರೇಮಿಯವರು ಬೇಜಾರು ಮಾಡಿಕೊಳ್ಳಬಾರದು.

ರೈಲುಪ್ರೇಮಿ
ಬೇಜಾರಿದೆ. ಆದರೂ ಹೋಗಿ ಬನ್ನಿ.

ಮ್ಯೂನಿಕ್_ಮಲ್ಲಿಗೆ
ಹೋಗಿ ಬಂದೆವು. ಕೇಳಿದವರಿಗೆಲ್ಲ ಒಟ್ಟಿಗೆ ಹೇಳುತ್ತೇನೆ.

ಕೋಟೆಯನ್ನು ಬೆಳಿಗ್ಗೆ ಬೇಗ ಹತ್ತಿದ್ದು ಒಳ್ಳೆಯದಾಯಿತು. ಇಳಿಯುವಾಗ ಕೆಳಗಿಂದ ಜನ ಬರುತ್ತಲೇ ಇದ್ದರು. ಪೆರಾಸ್ತ್‌ನಲ್ಲಿ ಗೆಳತಿ ಎರಡು ಗಂಟೆ ಒಂದೇ ಕುರ್ಚಿಯಲ್ಲಿ ಕೂತಳು, ನಾನು ಊರಿನ ಮೇಲಿನ ಮೆಟ್ಟಿಲುಗಳನ್ನು ಸುತ್ತಿದೆ. ತಮ್ಮಯ್ಯನವರ ಸಲಹೆ ಹಾಗೆ ಸಣ್ಣದಾಗಿ ನಡೆಯಿತು.

ತ್ಸೆಟಿನ್ಯೆ ನಮಗೆ ಇಬ್ಬರಿಗೂ ಬಹಳ ಹಿಡಿಸಿತು. ಒಂದು ಕಾಲದ ರಾಜಧಾನಿ, ಈಗ ಸಣ್ಣ ಪಟ್ಟಣ. ಬೇರೆ ಬೇರೆ ದೇಶದವರು ಕಟ್ಟಿಸಿದ ಹಳೇ ರಾಯಭಾರ ಕಚೇರಿಗಳು ಮರಗಳ ಮಧ್ಯೆ ಹಾಗೇ ನಿಂತಿವೆ. ದೊರೆ ನಿಕೊಲಾನ ಅರಮನೆ ದೊಡ್ಡ ಮನೆಯಷ್ಟೇ ಇದೆ. ಆದರೆ ಅವನ ಒಬ್ಬ ಮಗಳು ಇಟಲಿಯ ರಾಣಿಯಾದಳು. ಗೆಳತಿ ಆ ಮದುವೆಗಳ ಕತೆಯನ್ನೇ ಇಡೀ ದಾರಿ ಮಾತಾಡಿದಳು.

ಝಾಬ್ಲ್ಯಾಕ್‌ನಲ್ಲಿ ಚಳಿ ಜೋರಿತ್ತು. ಊರೇ 1,450 ಮೀಟರ್ ಎತ್ತರದಲ್ಲಿದೆ, ಸ್ವೆಟರ್ ಒಯ್ಯಲೇಬೇಕು. ಕಪ್ಪು ಸರೋವರದ ಸುತ್ತ ನಾನೊಬ್ಬಳೇ ಬೆಳಿಗ್ಗೆ ನಡೆದೆ. ಅವಳು ಬರಲಿಲ್ಲ, ನಾನು ಒತ್ತಾಯ ಮಾಡಲಿಲ್ಲ. ತಾರಾ ಸೇತುವೆ ಮೇಲೆ ಮಾತ್ರ ಇಬ್ಬರೂ ಈ ಕಡೆಯಿಂದ ಆ ಕಡೆಗೆ ನಡೆದೆವು. ಯಾವ್ಕೊವಿಚ್ ಸ್ಮಾರಕಕ್ಕೆ ಹೂವಿಟ್ಟು ಬಂದೆವು, ಗುಡ್ಡಗಾಡು ಅವರೇ.

ಓಸ್ಟ್ರೊಗ್ ಬಗ್ಗೆ ಯಾರೂ ಹೇಳಿರಲಿಲ್ಲ, ನಾನು ಹೇಳುತ್ತೇನೆ. ನೆಟ್ಟಗೆ ನಿಂತ ಬಂಡೆಯೊಳಗೆ ಬಿಳೀ ಮಠ. 17ನೇ ಶತಮಾನದ ಸಂತ ವಾಸಿಲಿಯೆಯ ಶರೀರ ಅಲ್ಲಿದೆ. ಕ್ರೈಸ್ತರ ಜೊತೆ ಮುಸ್ಲಿಮರೂ ಬರುತ್ತಾರೆ. ಕೆಳಗಿನ ಮಠದಿಂದ ಮೇಲಿನದಕ್ಕೆ ಬರಿಗಾಲಿನಲ್ಲಿ ಹತ್ತುವವರನ್ನು ನೋಡಿ ಗೆಳತಿಯೂ ಚಪ್ಪಲಿ ಕೈಯಲ್ಲಿ ಹಿಡಿದು ಹತ್ತಿದಳು. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ.

ಊಟಕ್ಕೆ ‘ಪೋಸ್ನೊ’ ಎಲ್ಲ ಕಡೆ ಕೆಲಸ ಮಾಡಿತು. ಚಟ್ನಿಪುಡಿ ಕಚಮಾಕ್ ಜೊತೆ ಬಹಳ ಚೆನ್ನಾಗಿ ಹೋಗುತ್ತದೆ.

ಕುಂದಾಪ್ರ_ಹೆಣ್ಣು
ನೋಡಿ, ಹೇಳಿದ್ದೆ.

ಸಾರು_ಅನ್ನ
ಕಚಮಾಕ್ ತಿನ್ನಿ ಅಂದಿದ್ದು ನಾನು ಅಕ್ಕ.

ಮೈಸೂರು_ಪಾರಿಜಾತ
ಇದೇ ಜಾಗಗಳಿಗೆ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬಹುದಾ? ಅಮ್ಮನಿಗೆ ಮಂಡಿ ನೋವು.

ಗುಡ್ಡಗಾಡು
ಕೊಟೋರ್ ಕೋಟೆ, ನ್ಯೆಗೊಶ್ ಸಮಾಧಿ ಎರಡನ್ನೂ ಬಿಡಿ. ಪೆರಾಸ್ತ್ ದೋಣಿ, ತ್ಸೆಟಿನ್ಯೆ ಆರಾಮ, ಎಲ್ಲ ಸಮತಟ್ಟು. ತಾರಾ ಸೇತುವೆಗೆ ಕಾರು ಹತ್ತಿರವೇ ನಿಲ್ಲುತ್ತದೆ.

ಮ್ಯೂನಿಕ್_ಮಲ್ಲಿಗೆ
ಓಸ್ಟ್ರೊಗ್‌ಗೂ ಮೇಲಿನ ಮಠದ ಹತ್ತಿರದವರೆಗೆ ಕಾರು ಹೋಗುತ್ತದೆ. ರಸ್ತೆ ಕಿರಿದು, ಎದುರಿಗೆ ವ್ಯಾನ್ ಬಂದರೆ ಒಬ್ಬರು ಹಿಂದೆ ಸರಿಯಬೇಕು. ಘಾಟಿಯಲ್ಲಿ ಓಡಿಸಿ ರೂಢಿ ಇರುವವರು ಚಾಲಕರಾಗಲಿ.

ಆಗುಂಬೆ_ಮಳೆ
ಸ್ಕಾದರ್ ಸರೋವರವನ್ನೂ ಸೇರಿಸಿಕೊಳ್ಳಿ. ವಿರ್‌ಪಜಾರ್‌ನಿಂದ ದೋಣಿ ಸಿಗುತ್ತದೆ, ಕೂತಲ್ಲೇ ಎಲ್ಲ ನೋಡಬಹುದು. ಅದೃಷ್ಟ ಇದ್ದರೆ ಪೆಲಿಕನ್ ಕಾಣುತ್ತದೆ. ಹತ್ತುವ ಮುಂಚೆ ಎಷ್ಟು ಹೊತ್ತು, ಎಷ್ಟು ದುಡ್ಡು ಅಂತ ಮಾತಾಡಿಕೊಳ್ಳಿ.

ರೈಲುಪ್ರೇಮಿ
ವಿರ್‌ಪಜಾರ್‌ಗೆ ಪೊಡ್ಗೊರಿತ್ಸಾದಿಂದ ರೈಲಿದೆ. ಸರೋವರದ ಮೇಲೆಯೇ ಹಳಿ ಹೋಗುತ್ತದೆ. ಅಮ್ಮನಿಗೆ ಕಿಟಕಿ ಸೀಟು ಕೊಡಿ.